ಗೊತ್ತಪ್ಪನ ಮನೆಗೆ ಬಂದವರು

"ಆ ಕದ ಮೊದಲು ಕಳಚೇ! ನಿಧಾನ, ಕಾಲ್ ಮೇಲೆ ಹಾಕ್ಕೊಂಡೀಯಾ!"

ಏಣಿಯ ಮೇಲೆ ನಿಂತು ಇಂಜಿನಿಯರು ಕೂಗುತ್ತಿದ್ದರು. ಕೆಳಗೆ ಅವರ ಹೆಂಡತಿ ಮಲಗುವ ಕೋಣೆಯ ಬಾಗಿಲಿನೊಂದಿಗೆ ಗುದ್ದಾಡುತ್ತಿದ್ದರು. ತೇಗದ ಕದ. ರೋಗಿಯನ್ನು ಮಲಗಿಸಿದ ಗಾಡಿ ಸಲೀಸಾಗಿ ನುಗ್ಗುವಷ್ಟು ಅಗಲ. ಮನೆಗೆ ಅಷ್ಟು ಅಗಲದ ಬಾಗಿಲು ಯಾಕೆ ಎಂದು ಕೇಳಬೇಡಿ. ಊರಿನ ಸರ್ಕಾರಿ ಹೆರಿಗೆ ಆಸ್ಪತ್ರೆಯನ್ನು ಕಟ್ಟಿಸಿದವರು ಇವರೇ. ಅಲ್ಲಿ ಪಾಪ, ಬಾಣಂತಿಯರು ಬಾಗಿಲಿಲ್ಲದ ಕೋಣೆಗಳಲ್ಲಿ ಹಸಿರು ಪರದೆ ಎಳೆದುಕೊಂಡು ಮಾನ ಕಾಪಾಡಿಕೊಳ್ಳುತ್ತಿದ್ದಾರೆ.

ಬೆಳಿಗ್ಗೆ ಆಫೀಸಿನ ಗುಮಾಸ್ತ ಫೋನು ಮಾಡಿದ್ದ. "ಸಾರ್, ಕೆಟ್ಟೆವು. ತಪಾಸಣೆಯವರು ಊರಿಗೆ ಬಂದಿದ್ದಾರಂತೆ. ಮಂತ್ರಿ ಮಾತನ್ನೂ ಕೇಳದ ಜನ. ಒಬ್ಬ ಗಂಡಸು, ಒಬ್ಬ ಹೆಂಗಸು. ಆಸ್ಪತ್ರೆ ನೋಡಿ ಆಯ್ತಂತೆ, ನಿಮ್ಮ ಮನೆಗೂ..."

"ಗೊತ್ತಪ್ಪಾ, ಗೊತ್ತು!"

"ಪೂರ್ತಿ ಕೇಳಿ ಸಾರ್..."

ಇಂಜಿನಿಯರು ಫೋನು ಇಟ್ಟೇಬಿಟ್ಟರು. ಯಾರು ಏನು ಹೇಳಲು ಬಾಯಿ ತೆರೆದರೂ "ಗೊತ್ತಪ್ಪಾ" ಎನ್ನುವ ಈ ಮಹಾನುಭಾವರಿಗೆ ಆಫೀಸಿನವರು ಗೊತ್ತಪ್ಪ ಎಂದೇ ಹೆಸರಿಟ್ಟಿದ್ದರು. ಅದೊಂದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಕದಗಳು ಮಂಚದಡಿ ಸೇರಿದವು. ಅಮೃತಶಿಲೆಯ ನೆಲದ ಮೇಲೆ ಹರಕು ಚಾಪೆ ಬಿತ್ತು. ವೈದ್ಯರು ಮೊಣಕೈಯಲ್ಲಿ ತಿರುಗಿಸುವ ಉದ್ದ ಹಿಡಿಯ ನಲ್ಲಿಗಳಿಗೆ ಗೋಣಿಚೀಲ ಸುತ್ತಿದ್ದಾಯಿತು. ಬಚ್ಚಲಿಗೆ ಹಳೆಯ ಸೀರೆಯೇ ಬಾಗಿಲು.

"ಕರ್ಮ ಕರ್ಮ," ಎಂದು ಹೆಂಡತಿ ಸೊಂಟ ಹಿಡಿದುಕೊಂಡರು. "ನಿನ್ನೆ ಅರಮನೆ, ಇವತ್ತು ಛತ್ರ. ಪುಣ್ಯಕ್ಕೆ ಬೀಗರು ನಿನ್ನೆಯೇ ಬಂದು ಹೋದ್ರು."

ಅದೊಂದು ಸಮಾಧಾನ. ಮಗಳು ತಾನೇ ಮೆಚ್ಚಿಕೊಂಡ ಹುಡುಗ, ಕಾಲೇಜಿನ ಮೇಷ್ಟ್ರು. "ಅವನನ್ನ ಬಿಟ್ಟು ಬೇರೆ ಯಾರನ್ನೂ ಆಗಲ್ಲ. ಅವರಪ್ಪ ಅಮ್ಮ ಈ ವಾರ ಬರ್ತಾರೆ. ಬಾಯಿ ಬಿಗಿ ಹಿಡ್ಕೊಳಪ್ಪಾ," ಎಂದು ಅವಳು ಅಂಗಲಾಚಿದ್ದಳು. ನಿನ್ನೆ ಅವರು ಬಂದಾಗ ಅವಳು ಕೆಲಸಕ್ಕೆ ಹೋಗಿದ್ದಳು, ರಾತ್ರಿ ಪಾಳಿಯೂ ಸೇರಿಕೊಂಡು ಇನ್ನೂ ಮನೆಗೆ ಮರಳಿರಲಿಲ್ಲ. ಬಾಗಿಲಲ್ಲಿ ನಿಂತ ಗಂಡಸು "ನಾವು..." ಎನ್ನುವಷ್ಟರಲ್ಲಿ ಇಂಜಿನಿಯರು "ಗೊತ್ತಪ್ಪಾ, ಗೊತ್ತು! ನಿಮ್ಮದೇ ಮನೆ, ಬನ್ನಿ!" ಎಂದು ಕೈಹಿಡಿದು ಒಳಗೆ ಎಳೆದುಕೊಂಡಿದ್ದರು.

ಬೀಗರ ಹತ್ತಿರ ಮುಚ್ಚುಮರೆ ಯಾಕೆ? ಇಡೀ ಮನೆ ತೋರಿಸಿದರು. ಕದ ತಟ್ಟಿ ಸದ್ದು ಕೇಳಿಸಿದರು. ಆ ಹೆಂಗಸು ಬಾಗಿಲಿನ ಅಗಲವನ್ನು ಗೇಣು ಹಾಕಿ ನೋಡಿದಾಗ ಇಂಜಿನಿಯರ ಎದೆ ಉಬ್ಬಿತು. "ಎಲ್ಲಿ ಸಿಕ್ತು ಇಂಥದ್ದು?" ಎಂದಾಗ ಕಣ್ಣು ಮಿಟುಕಿಸಿ, "ಹೆರಿಗೆ ಆಸ್ಪತ್ರೆಯೆಂಬ ತವರಿನ ಉಡುಗೊರೆ. ಸಂಬಳ ನೆಚ್ಚಿಕೊಂಡ್ರೆ ಮಣ್ಣು ತಿನ್ನಬೇಕಷ್ಟೆ," ಎಂದು ನಕ್ಕರು. ಅವರೂ ನಕ್ಕರು. ಎಷ್ಟು ಒತ್ತಾಯಿಸಿದರೂ ಒಂದು ಲೋಟ ನೀರೂ ಮುಟ್ಟಲಿಲ್ಲ. ಸಂಬಂಧ ಕುದುರುವ ತನಕ ಏನೂ ಮುಟ್ಟದ ಕಟ್ಟುನಿಟ್ಟಿನ ಜನ ಎಂದು ಇಂಜಿನಿಯರು ಮೆಚ್ಚಿಕೊಂಡರು.

ಈಗ ಕರೆಗಂಟೆ ಸದ್ದಾಯಿತು. ಹೊರಗೆ ಒಬ್ಬ ಗಂಡಸು, ಒಬ್ಬ ಹೆಂಗಸು. ಸವೆದ ಚಪ್ಪಲಿ, ಇಸ್ತ್ರಿ ಮಾಡಿದ ಹತ್ತಿ ಬಟ್ಟೆ.

"ನಮಸ್ಕಾರ. ನಾವು ಬಂದ ವಿಷಯ..."

"ಗೊತ್ತು ಸ್ವಾಮಿ, ಗೊತ್ತು. ಬನ್ನಿ, ಬಡವರ ಮನೆ." ಇಂಜಿನಿಯರು ಹರಿದ ಬನಿಯನ್ನಿನಲ್ಲೇ ಕೈಮುಗಿದರು.

ಇಬ್ಬರೂ ಚಾಪೆಯ ಮೇಲೆ ಕುಳಿತರು. ಹೆಂಗಸಿನ ಕಣ್ಣು ಬಾಗಿಲಿಲ್ಲದ ಚೌಕಟ್ಟುಗಳ ಮೇಲೆಲ್ಲ ಹರಿದಾಡಿತು.

"ಮನೆ ತುಂಬಾ ಸರಳವಾಗಿದೆ," ಎಂದರು ಗಂಡಸು.

"ಸಂಬಳದಲ್ಲಿ ಇನ್ನೇನು ಸಾಧ್ಯ ಸ್ವಾಮಿ? ಹಾಸಿಗೆ ಇದ್ದಷ್ಟು ಕಾಲು ಚಾಚ್ತೀವಿ."

"ಮಗಳು..."

"ಮಗಳ ಹೆಸರಲ್ಲಿ ಒಂದು ಚಮಚವೂ ಇಲ್ಲ! ಬೇಕಾದ್ರೆ ಬರೆದುಕೊಡ್ತೀನಿ!"

ಗಂಡಸು ಗಾಬರಿಯಾಗಿ ಕೈ ಆಡಿಸಿದರು. "ಛೆ ಛೆ, ಏನೂ ಕೊಡಬೇಡಿ. ತಗೊಂಡು ಹೋಗೋಕೆ ಬಂದವರಲ್ಲ ನಾವು."

ಲಂಚ ಮುಟ್ಟದ ಜಾತಿ! ಇಂಜಿನಿಯರು ಹೆಂಡತಿಗೆ ಕಣ್ಸನ್ನೆ ಮಾಡಿದರು. ಹೆಂಡತಿ ಮುರುಕು ಕಪ್ಪುಗಳಲ್ಲಿ ಚಹಾ ತಂದಿಟ್ಟರು. ಇಬ್ಬರೂ ಸೊರ್ ಎಂದು ಕುಡಿದರು. ಹೆಂಗಸಂತೂ ಇನ್ನೊಂದು ಕಪ್ಪು ಕೇಳಿ ಹಾಕಿಸಿಕೊಂಡರು. ಅಬ್ಬಾ, ಚಹಾಕ್ಕಾದರೂ ಬಗ್ಗಿದರಲ್ಲ ಎಂದು ಇಂಜಿನಿಯರು ಮೊದಲ ಸಲ ಸರಿಯಾಗಿ ಉಸಿರಾಡಿದರು.

ಆಗ ಮಗಳು ಕೆಲಸ ಮುಗಿಸಿ ಒಳಗೆ ಕಾಲಿಟ್ಟಳು. ಚಾಪೆ ನೋಡಿದಳು, ಸೀರೆಯ ಬಾಗಿಲು ನೋಡಿದಳು, ಕೊನೆಗೆ ಕುಳಿತವರನ್ನು ನೋಡಿ ಅವಳ ಮುಖ ಅರಳಿತು.

"ಅಯ್ಯೋ ಆಂಟಿ, ಅಂಕಲ್! ಬರೋ ಮುಂಚೆ ಒಂದು ಫೋನ್ ಮಾಡಬಾರದಿತ್ತಾ? ಅಪ್ಪಾ, ಇವರೇ ಅವನ ಅಪ್ಪ ಅಮ್ಮ."

ಇಂಜಿನಿಯರ ಬಾಯಿ ತೆರೆಯಿತು. ಜೀವಮಾನದಲ್ಲಿ ಮೊದಲ ಬಾರಿಗೆ "ಗೊತ್ತಪ್ಪಾ" ಹೊರಡಲಿಲ್ಲ.

ಹುಡುಗನ ತಾಯಿ ಎದ್ದು ಹುಡುಗಿಯ ಕೆನ್ನೆ ಸವರಿದರು. ಅವರ ಕಣ್ಣು ತುಂಬಿತ್ತು. "ಸರ್ಕಾರಿ ಇಂಜಿನಿಯರ ಮನೆ ಅಂದಾಗ ನಮಗೆ ಅಳುಕಿತ್ತಮ್ಮ. ಕಳ್ಳ ದುಡ್ಡಿನ ಮನೆಯಾದ್ರೆ ಬೇಡವೇ ಬೇಡ ಅಂತ ಮಗನಿಗೆ ಹೇಳಿಯೇ ಬಂದಿದ್ವಿ. ಕೈಯಲ್ಲಿ ಅಧಿಕಾರ ಇದ್ದೂ ನಿಮ್ಮಪ್ಪ ಮನೆಗೊಂದು ಬಾಗಿಲು ಹಾಕಿಸಿಕೊಂಡಿಲ್ಲ. ಇಂಥ ದೇವರಂಥ ಬೀಗರು ಎಲ್ಲಿ ಸಿಗ್ತಾರೆ? ನಮಗೆ ಪೂರ್ತಿ ಒಪ್ಪಿಗೆ."

ಮಗಳು ಕುಣಿದಾಡಿ ತಂದೆಯನ್ನು ತಬ್ಬಿಕೊಂಡಳು. ಅಡುಗೆಮನೆಯ ಚೌಕಟ್ಟಿಗೆ ಒರಗಿದ್ದ ಹೆಂಡತಿ ಮಾತ್ರ ನಿಂತಲ್ಲೇ ಬಿಳಿಚಿಕೊಂಡು, ಗಂಡನಿಗಷ್ಟೇ ಕೇಳುವಂತೆ ಪಿಸುಗುಟ್ಟಿದರು:

"ರೀ, ಹಾಗಾದ್ರೆ ನಿನ್ನೆ ನೀವು ಎಲ್ಲಾ ತೋರಿಸಿದ್ದು ಯಾರಿಗೆ?"