ಅತ್ತೆ ಬರ್ತಾರೆ

ಬಾಗಿಲಲ್ಲಿ ಅವಳ ತಾಯಿ, ಗಂಡನ ತಾಯಿ ಇಬ್ಬರೂ ಚೀಲ ಹಿಡಿದು ನಿಂತಿದ್ದರು. ಮದುವೆಯ ದಿನ ಮುಖ ತಿರುಗಿಸಿಕೊಂಡ ಬೀಗಿತ್ತಿಯರು ಇವತ್ತಿಗೂ ಒಂದು ಮಾತಿನಲ್ಲೂ ಒಮ್ಮತಕ್ಕೆ ಬಂದವರಲ್ಲ. ಒಳಗೆ ಹಾಸಿದ್ದು ಒಂದೇ ಹಾಸಿಗೆ.

“ಕ್ಯಾಲೆಂಡರಲ್ಲಿ ಅತ್ತೆ ಒಬ್ರೇ ಇದ್ರಲ್ಲೇ!” ಗಂಡ ಪಿಸುಗುಟ್ಟಿದ.

ಅವಳಿಗೆ ಆಗ ಹೊಳೆಯಿತು. ತನ್ನ ಫೋನಿನ ಕ್ಯಾಲೆಂಡರಿಗೆ ಅವನ ಕಂಪ್ಯೂಟರಿನದನ್ನು ಜೋಡಿಸಿದಾಗ ಒಂದೇ ದಿನಕ್ಕೆ ‘ಅತ್ತೆ ಬರ್ತಾರೆ’ ಎಂದು ಎರಡು ಸಲ ಕಂಡಿತ್ತು. ಅವನ ಅತ್ತೆ ಬೇರೆ, ತನ್ನ ಅತ್ತೆ ಬೇರೆ ಎಂಬುದು ಫೋನಿಗೇನು ಗೊತ್ತು? ‘ಒಂದನ್ನು ಅಳಿಸಲೇ?’ ಎಂದು ಕೇಳಿತ್ತು. ಹಿಂದೆಮುಂದೆ ನೋಡದೆ ಹೂಂ ಒತ್ತಿದ್ದಳು.

“ಎರಡೂ ಒಂದೇ ಅಂದ್ಕೊಂಡು ಒಬ್ಬರನ್ನ ಅಳಿಸಿಬಿಟ್ಟೆ ಕಣ್ರೀ.”

“ಯಾರನ್ನ?”

ಬೀಗಿತ್ತಿಯರು ಇಬ್ಬರೂ ಒಟ್ಟಿಗೇ ಅಂದರು: “ಇನ್ಯಾರನ್ನ? ನನ್ನನ್ನೇ!”