ಪಾದ್ರಿಯವರು ಮುರಿದ ರೊಟ್ಟಿ

ಇವತ್ತು ಮೊಮ್ಮಗಳು ಮೊದಲ ಸಲ ಜೋಳದ ರೊಟ್ಟಿ ಬಡಿದಳು. ಹೆಂಚಿನ ಆ ವಾಸನೆಗೆ ನನ್ನ ಎದೆ ತುಂಬಿ ಬಂತು.

ನನ್ನ ಬಾಲ್ಯದಲ್ಲಿ ಒಮ್ಮೆ, ಕಮರಿಪೇಟೆಯ ನಮ್ಮ ಮನೆಯಲ್ಲಿ ಅವ್ವ ಜ್ವರ ಬಂದು ಮಲಗಿ ಅನ್ನ-ನೀರು ಬಿಟ್ಟಿದ್ದಳು. ಡಾಕ್ಟರು ಕೈಚೆಲ್ಲಿದ್ದರು. ಆ ಮಧ್ಯಾಹ್ನ, ಅವ್ವನಿಗೆ ದೀಕ್ಷಾಸ್ನಾನ ಕೊಟ್ಟಿದ್ದ ಪರದೇಶದ ಪಾದ್ರಿಯವರು ಬಿಳಿ ಬ್ರೆಡ್ಡು ತಂದು, "ಏಸುಸ್ವಾಮಿಯೇ ಜೀವದ ಬ್ರೆಡ್ಡು," ಎಂದರು. ಅವ್ವ ಗೋಡೆಯ ಕಡೆ ಹೊರಳಿದಳು.

"ನಮ್ಮಾಗ ಬ್ರೆಡ್ಡು ಸಾಯೋರಿಗೆ ಕೊಡೂದ್ರಿ, ಸಾಹೇಬ್ರ. ಆಕಿ ಜೀವದ ಆಸೆನ ಬಿಟ್ಟಾಳ," ಎಂದು ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡಳು.

"ದಿನಾ ಏನು ತಿನ್ನುತ್ತೀರಿ?"

"ರೊಟ್ಟಿರಿ."

ಪಾದ್ರಿಯವರು ಬೂಟು ಕಳಚಿ ಬಂದು ನೆಲಕ್ಕೆ ಕುಳಿತರು. ಅಜ್ಜಿ ಬಡಿದುಕೊಟ್ಟ ಬಿಸಿ ರೊಟ್ಟಿಯನ್ನು ಮುರಿದು, ಹಾಲಿನಲ್ಲಿ ನೆನೆಸಿ, "ತಂಗೀ, ಏಸುಸ್ವಾಮಿಯೇ ಈ ರೊಟ್ಟಿ," ಎಂದರು.

ಅವ್ವ ಮೆಲ್ಲಗೆ ಇತ್ತ ಹೊರಳಿದಳು.

"ಹಂಗಂತ ಮೊದಲ ಹೇಳಬಾರದಾಗಿತ್ತೇನ್ರಿ?" ಎಂದು ತುತ್ತಿಗೆ ಬಾಯಿ ತೆರೆದಳು.