ಎರಡನೆಯ ಭಾಗ

ಅಂಬಾದಾಸನ ಬಲಗೈಯನ್ನು ಶಂಕರೆಪ್ಪ ಅಚ್ಚಿನ ಯಂತ್ರದ ಬಾಯಿಗೆ ಒತ್ತಿ ಹಿಡಿದ. ಅವನ ಆಳುಮಗ ಬೀರಣ್ಣ ಕೆಳಗೆ ಪೆಡಲಿನ ಮೇಲೆ ಕಾಲಿಟ್ಟು ಧಣಿಯ ಕಣ್ಸನ್ನೆಗೆ ಕಾದು ನಿಂತ.

“ಪುಸ್ತಕ ಬರದವ ಯಾರು?”

ವಿಜಾಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಮಗ್ಗುಲಿಗಿದ್ದ ಅಂಬಾದಾಸನ ಸಣ್ಣ ಅಚ್ಚುಕೂಟ ಅದು. ನಡು ಮಧ್ಯಾಹ್ನ. ಹೊರಗೆ ಜನ ಸೇರಿದ್ದರು; ಒಳಗೆ ಕಾಲಿಡುವ ಧೈರ್ಯ ಒಬ್ಬರಿಗೂ ಇರಲಿಲ್ಲ. ತುರ್ತು ಪರಿಸ್ಥಿತಿ ಬಂದು ವರ್ಷ ಕಳೆದಿತ್ತು. ತನ್ನೂರು ಹೊನವಾಡದಿಂದ ಹೊರಟ ಶಂಕರೆಪ್ಪ ಮೊದಲು ಪೊಲೀಸ್ ಫೌಜದಾರನನ್ನು ಕಂಡು, ಸರಕಾರದ ವಿರುದ್ಧ ಪುಸ್ತಕ ಅಚ್ಚಾಗುತ್ತಿದೆ ಎಂದು ಕಿವಿಯಲ್ಲಿ ಹೇಳಿಯೇ ಇಲ್ಲಿಗೆ ಬಂದಿದ್ದ. ಫೌಜದಾರ ಪುಸ್ತಕವನ್ನು ನೋಡಲು ಕೇಳಲಿಲ್ಲ. ಇಬ್ಬರು ಪೇದೆಗಳನ್ನು ಜೊತೆಗೆ ಕಳಿಸಿದ. ಅವರು ಒಳಗಿನದಕ್ಕೆ ಬೆನ್ನು ತಿರುಗಿಸಿ ಬಾಗಿಲಲ್ಲಿ ನಿಂತಿದ್ದರು.

ಅಂಬಾದಾಸ ಹೆಸರು ಹೇಳಲೊಲ್ಲ.

“ಅವರು ಸರಕಾರಿ ನೌಕರ್ಯಾಗ ಅದಾರ್ರಿ. ಪರವಾನಗಿ ಇಲ್ಲದ ಬರದಾರ. ಹೆಸರು ಹೇಳಿದ್ರ ಅವರ ನೌಕರಿ ಹೋಗ್ತದ.”

ಬರೆದವರು ಹೊನವಾಡಕ್ಕೂ ಎಷ್ಟೋ ಸಲ ಬಂದು ಹೋದವರೇ, ಕಣ್ಣಾರೆ ಕಂಡದ್ದನ್ನೇ ಬರೆದಿದ್ದಾರೆ, ಒಂದಕ್ಷರವೂ ಸುಳ್ಳಲ್ಲ ಎಂದೂ ಅವನು ಅಂಗಲಾಚಿದ.

ಶಂಕರೆಪ್ಪ ಹಿಡಿತ ಬಿಗಿ ಮಾಡಿದ. ಕಣ್ಣಾರೆ ಕಂಡವನು. ಊರ ಲೆಕ್ಕ ಬರೆಯುವ ತಲಾಟಿಯೋ? ಸಾಲಿ ಮಾಸ್ತರನೋ?

“ಎರಡನೇ ಭಾಗ ಎಲ್ಲೈತಿ?”

“ಇನ್ನಾ ಬರ್ಯಾಕತ್ತಾರ್ರಿ. ದೀಪಾವಳಿಗೆ ಬರ್ತದ.”

ಶಂಕರೆಪ್ಪ ಕಣ್ಸನ್ನೆ ಮಾಡಿದ. ಬೀರಣ್ಣ ಪೆಡಲು ತುಳಿದ. ಮೂರು ಬೆರಳು ಎಲುಬುಸಹಿತ ಜಜ್ಜಿಹೋದವು. ಅಂಬಾದಾಸನ ಕೂಗಿಗೆ ಹೊರಗಿನ ಜನ ಎರಡು ಹೆಜ್ಜೆ ಹಿಂದೆ ಸರಿದರು. ಆದರೂ ಅವನ ಬಾಯಿಂದ ಹೆಸರು ಬೀಳಲಿಲ್ಲ.

ಇನ್ನೂ ರಟ್ಟು ಹಚ್ಚದೆ ಕಟ್ಟಿಟ್ಟಿದ್ದ ಹಾಳೆಗಳ ಹೊರೆಗಳನ್ನು ಬೀರಣ್ಣ ಬೀದಿಗೆ ಎಳೆದು ಸೀಮೆ ಎಣ್ಣೆ ಸುರಿದ. ಶಂಕರೆಪ್ಪ ತಾನೇ ಕಡ್ಡಿ ಗೀರಿದ. ಪುಸ್ತಕ ಹೊಲಿಯುವ ಮಾಸುಮಬಿ ಕೊಡ ನೀರು ಹೊತ್ತು ಓಡಿ ಬಂದಳು. ಅವನು ಅವಳ ಹೊಟ್ಟೆಗೆ ಒದ್ದ. ಕೊಡ ಉರುಳಿತು. ಐದು ನೂರು ಪ್ರತಿ ಬೂದಿಯಾಗುವತನಕ ಅವನು ಅಲ್ಲಿಂದ ಕದಲಲಿಲ್ಲ.

ಈ ಸುದ್ದಿ ಶುರುವಾದದ್ದು ನಾಲ್ಕು ದಿನದ ಹಿಂದೆ, ಅವನ ಮನೆಯ ಪಡಸಾಲೆಯಲ್ಲಿ. ಶಂಕರೆಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ಕಾಗದ ಪತ್ರ ಓದಿ ಹೇಳುವವಳು ಏಳನೆಯ ಇಯತ್ತೆವರೆಗೆ ಕಲಿತ ಸೊಸೆ ಕಾಶಿಬಾಯಿ. ಅವಳನ್ನು ಈ ಮನೆಗೆ ತಂದವಳು ಅವಳ ತಾಯಿಯ ತಂಗಿ ಹುಚ್ಚವ್ವ, ಶಂಕರೆಪ್ಪನ ತಮ್ಮನ ಹೆಂಡತಿ. ತಮ್ಮ ಸತ್ತ ಮೇಲೆ ಹುಚ್ಚವ್ವ ಹೊಲದಲ್ಲಿ ತನ್ನ ಪಾಲು ಕೇಳಿದ್ದಳು. ಆರು ವರ್ಷದ ಹಿಂದೆ, ದನದ ಕೊಟ್ಟಿಗೆಯಲ್ಲಿ, ಶಂಕರೆಪ್ಪ ಕೊಡಲಿಯಿಂದ ಅವಳ ಬಾಯಿ ಮುಚ್ಚಿಸಿದ. ಯಾರದೋ ಬೆನ್ನು ಹತ್ತಿ ಸೊಲ್ಲಾಪುರಕ್ಕೆ ಓಡಿಹೋದಳೆಂದು ಊರಿಗೆ ಹೇಳಿದ. ಊರು ನಂಬಿತು.

ಕಾಶಿಬಾಯಿ ತಿಕೋಟಾ ಸಂತೆಯಿಂದ ಒಂದು ಪುಸ್ತಕ ತಂದಿದ್ದಳು. ಹೊತ್ತು ಹೋಗಲೆಂದು ಶಂಕರೆಪ್ಪನೇ ಓದಲು ಹೇಳಿದ. ಮೊದಲ ದಿನ ಅವನು ಕೇಳಿದ್ದು ಒಬ್ಬ ದೊಡ್ಡ ರೈತನ ಕಥೆ. ಪಾಲು ಕೇಳಿದ ತಮ್ಮನ ಹೆಂಡತಿಯನ್ನು ಆ ರೈತ ಬಾವಿಗೆ ದೂಡಿದನಂತೆ. ಶಂಕರೆಪ್ಪ ತಂಬಾಕು ತಿಕ್ಕುತ್ತ ನಕ್ಕ. ಮರುದಿನ ಕಥೆ ತಿರುಗಿತು: ಬಾವಿಯ ಮಾತು ಸುಳ್ಳು, ಅವಳು ಮನೆಯಲ್ಲೇ ಸತ್ತಳು. ಅವನ ಕೈಯ ತಂಬಾಕು ನೆಲಕ್ಕೆ ಬಿತ್ತು. ಕಾಶಿಬಾಯಿ ತಲೆ ಎತ್ತಿ ಅದನ್ನು ನೋಡಿ, ಮತ್ತೆ ಹಾಳೆಯ ಕಡೆ ಕಣ್ಣಿಳಿಸಿದಳು.

“ಎಲ್ಲಿ ಹುಗದ ಅಂತ ಬರದಾರೇನು?” ಎಂದು ಅವನು ಕೇಳಿದ್ದ.

ಅವಳು ಕಡೆಯ ಹಾಳೆ ತಿರುವಿ, “ಅದು ಎರಡನೇ ಭಾಗದಾಗ ಬರ್ತೈತಂತರಿ ಮಾವಾರ,” ಎಂದಿದ್ದಳು. ಅಚ್ಚಾದದ್ದು ಎಲ್ಲಿ ಎಂದು ಕೇಳಿದಾಗ ರಟ್ಟಿನ ಮೇಲಿದ್ದ ಅಚ್ಚುಕೂಟದ ವಿಳಾಸವನ್ನೂ ಓದಿ ಹೇಳಿದ್ದಳು.

ಪುಸ್ತಕ ಸುಟ್ಟ ಸಂಜೆ ಊಟಕ್ಕೆ ಕೂತು, ಯಂತ್ರದಲ್ಲಿ ಬೆರಳು ಹೇಗೆ ಹೋದವೆಂದು ಶಂಕರೆಪ್ಪ ವರ್ಣಿಸಿದ. ರೊಟ್ಟಿ ಬಡಿಸುತ್ತಿದ್ದ ಕಾಶಿಬಾಯಿ ಬುಟ್ಟಿ ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕೂತಳು. ಮನೆಯ ಪ್ರತಿಯನ್ನೂ ಒಲೆಗೆ ಹಾಕು ಎಂದಾಗ ಆಗಲಿ ಎಂದು ತಲೆಯಾಡಿಸಿದಳು.

ಅವನಿಗೆ ಮಾತ್ರ ನೆಮ್ಮದಿ ಇರಲಿಲ್ಲ. ಅಚ್ಚಾದದ್ದು ಸುಟ್ಟಿತು. ಬರೆಯುವವನ ತಲೆಯೊಳಗೆ ಇರುವುದನ್ನು ಸುಡುವುದು ಹೇಗೆ? ಹುಗಿದ ಜಾಗದಲ್ಲಿ ಏನೂ ಸಿಗದಿದ್ದರೆ ಎರಡನೆಯ ಭಾಗ ತಾನಾಗಿ ಸುಳ್ಳಾಗುತ್ತದೆ. ಇಷ್ಟು ಹೊಳೆದದ್ದೇ ತಡ, ಮೂಡಣ ಕೆಂಪೇರುವ ಹೊತ್ತಿಗೆ ಅವನು ಸಲಿಕೆ, ಗೋಣಿಚೀಲ ಹಿಡಿದು ದ್ರಾಕ್ಷಿ ತೋಟಕ್ಕೆ ನಡೆದ. ಹುಚ್ಚವ್ವನನ್ನು ಹುಗಿದ ವರ್ಷವೇ ಆ ಜಾಗದ ಮೇಲೆ ಬಳ್ಳಿ ನೆಟ್ಟಿದ್ದ.

ಎದೆಮಟ್ಟ ಅಗೆದ ಮೇಲೆ ಎಲುಬು ಸಿಕ್ಕಿತು. ಬೆಳ್ಳಿಯ ಕಾಲ್ಗಡಗವೂ ಸಿಕ್ಕಿತು. ಚೀಲಕ್ಕೆ ಹಾಕಲು ಬಗ್ಗಿದವನು ಬಳ್ಳಿಗಳ ಸಪ್ಪಳಕ್ಕೆ ತಲೆ ಎತ್ತಿದ. ಊರಿನ ಪೊಲೀಸ್ ಪಾಟೀಲ ಗುರಲಿಂಗಪ್ಪ ನಿಂತಿದ್ದ. ಹಿಂದೆ ಊರಿನ ನಾಲ್ಕು ಜನ. ಅವರ ಮುಂದೆ ಕಾಶಿಬಾಯಿ.

ಶಂಕರೆಪ್ಪ ಗುಂಡಿಯಿಂದ ಜಿಗಿದು ಸಲಿಕೆ ಬೀಸಿದ. ಅದು ಕಾಶಿಬಾಯಿಯ ಭುಜ ಸೀಳಿತು. ಎರಡನೆಯ ಏಟಿಗೆ ಕೈ ಎತ್ತುವಷ್ಟರಲ್ಲಿ ನಾಲ್ವರೂ ಮೈಮೇಲೆ ಬಿದ್ದರು. ಬಡಿಗೆಯ ಏಟಿಗೆ ಅವನ ಹಲ್ಲು ಮುರಿದವು. ಮಣ್ಣಿಗೆ ಮುಖ ಒತ್ತಿ ಕೈ ಕಟ್ಟಿದರು. ರಕ್ತ ಉಗುಳುತ್ತ ಅವನು ಕೇಳಿದ್ದು ಒಂದೇ ಮಾತು:

“ಬರದವ ಯಾರು? ಈಗರ ಹೇಳು.”

ಭುಜಕ್ಕೆ ಸೆರಗು ಒತ್ತಿ ಹಿಡಿದ ಕಾಶಿಬಾಯಿ ಹೇಳಿದಳು, “ಅಂಬಾದಾಸನ ಬೆರಳು ಹೋಗಿದ್ದು ನನ್ನಿಂದರಿ. ನೀವು ಅಲ್ಲೀತನಕ ಹೋಗ್ತೀರಂತ ನಾ ತಿಳಿದಿದ್ದಿಲ್ಲ.”

ಒಲೆಗೆ ಹಾಕದೆ ಉಳಿಸಿದ್ದ ಪುಸ್ತಕವನ್ನು ಅವಳು ಪಾಟೀಲನ ಕೈಗಿತ್ತಳು. ಅವನು ಬೆಳಗಿನ ಬೆಳಕಿಗೆ ಹಿಡಿದು, ಮೇಲಿನ ದಪ್ಪ ಅಕ್ಷರಗಳನ್ನು ಎಲ್ಲರಿಗೂ ಕೇಳುವಂತೆ ಓದಿದ:

“ದನಗಳ ಬೇನೆ ಮತ್ತು ಮನೆಮದ್ದು. ಭಾಗ ಒಂದು: ಎತ್ತು, ಎಮ್ಮೆ.”